ಬೆಟ್ಟದ ಮೇಲಿನ ನೋಟ ಯಾರದ್ದು?

ಟೋಕಿಯೊ ನಗರದ ಉತ್ತರ ಭಾಗದಲ್ಲಿ ಅಸುಕಯಾಮ ಎಂಬ ಪುಟ್ಟ ಗುಡ್ಡವೊಂದಿದೆ. ಅದರ ಎತ್ತರ ಕೇವಲ 25.4 ಮೀಟರ್. ನಮ್ಮ ಕಡೆಯ ಜನ ಇದನ್ನು ಗುಡ್ಡ ಎನ್ನಲೂ ಹಿಂಜರಿದಾರು, ದಿಬ್ಬ ಎಂದಾರು. ಆದರೆ ರಜೆಯ ದಿನ ಬಂತೆಂದರೆ ಸುತ್ತಲಿನ ಬಡಾವಣೆಗಳ ಸಂಸಾರಗಳು ಬುತ್ತಿ ಕಟ್ಟಿಕೊಂಡು ಇಲ್ಲಿಗೆ ಹೊರಡುತ್ತವೆ. ಮೆಟ್ಟಿಲು ಹತ್ತಲಾರದ ಅಜ್ಜಿಯರಿಗೆ, ಕೂಸಿನ ತಳ್ಳುಗಾಡಿ ತಂದ ತಾಯಂದಿರಿಗೆ 2009ರಲ್ಲಿ ಒಂದು ಪುಟಾಣಿ ರೈಲುಪೆಟ್ಟಿಗೆಯನ್ನು ಹಾಕಿಸಿದ್ದಾರೆ. ಬುಡದಿಂದ ತುದಿಗೆ ಎರಡು ನಿಮಿಷದ ಪಯಣ, ಟಿಕೆಟ್ ಇಲ್ಲ. ಮೇಲೆ ಮಕ್ಕಳು ಹತ್ತಿ ಇಳಿಯಲು ಹಳೆಯ ಉಗಿಬಂಡಿಯೊಂದು ನಿಂತಿದೆ, ಪಕ್ಕದಲ್ಲೇ ನಿವೃತ್ತಿಯಾದ ಟ್ರಾಮ್ ಬಂಡಿ. ಗುಡ್ಡದ ಅಂಚಿನಿಂದ ನೋಡಿದರೆ ಶಿಂಕಾನ್‌ಸೆನ್ ರೈಲು ಸರ್ರನೆ ಹಾದು ಹೋಗುತ್ತದೆ.

ಮೇಲ್ನೋಟಕ್ಕೆ ಇದರಲ್ಲಿ ವಿಶೇಷವೇನೂ ಇಲ್ಲ. ಬೆಟ್ಟ ಹತ್ತುವುದು, ಚಾಪೆ ಹಾಸುವುದು, ಬುತ್ತಿ ಬಿಚ್ಚುವುದು, ಕೆಳಗಿನ ಊರನ್ನು ನೋಡುವುದು. ಇದಕ್ಕೂ ಒಂದು ಇತಿಹಾಸ ಬೇಕೇ ಎಂದು ಯಾರಾದರೂ ಕೇಳಬಹುದು. ಆದರೆ ಜಪಾನಿನಲ್ಲಿ ಒಂದು ಸಾಮಾನ್ಯ ಸಂಸಾರ ಎತ್ತರದ ಜಾಗದಲ್ಲಿ ನಿಂತು ಕೆಳಗೆ ನೋಡುವ ಹಕ್ಕು ಪಡೆದದ್ದು ಒಂದೇ ದಿನದಲ್ಲಲ್ಲ. ಆ ನೋಟ ಮೊದಲು ಅರಸನದ್ದಾಗಿತ್ತು. ಆಮೇಲೆ ದೇವರದ್ದಾಯಿತು, ಸೈನ್ಯದ್ದಾಯಿತು. ಇಷ್ಟೆಲ್ಲ ಆದ ಮೇಲೆಯೇ ಅದು ಬುತ್ತಿಯ ಗಂಟು ಹೊತ್ತು ಬಂದವರ ಪಾಲಿಗೆ ಸಿಕ್ಕಿತು.

ಅರಸ ಕಂಡ ಹೊಗೆ

ಪ್ರಾಚೀನ ಜಪಾನಿನಲ್ಲಿ ‘ಕುನಿಮಿ’ ಎಂಬ ಆಚರಣೆ ಇತ್ತು. ‘ಕುನಿ’ ಎಂದರೆ ನಾಡು, ‘ಮಿ’ ಎಂದರೆ ನೋಡುವುದು. ಅರಸ ಬೆಟ್ಟವೇರಿ ತನ್ನ ನಾಡನ್ನು ನೋಡಿ, ಅದರ ಸಮೃದ್ಧಿಯನ್ನು ಬಾಯ್ತುಂಬ ಹೊಗಳುತ್ತಿದ್ದ. ಹಾಗೆ ನೋಡಿ ಹೊಗಳಿದರೆ ಬೆಳೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಎಂಟನೆಯ ಶತಮಾನದಲ್ಲಿ ಸಂಕಲಿತವಾದ ‘ಮಾನ್ಯೋಶು’ ಕಾವ್ಯ ಸಂಗ್ರಹದ ಎರಡನೆಯ ಕವಿತೆಯೇ ಇಂಥದ್ದು. ಕ್ರಿ.ಶ. 629ರಿಂದ 641ರವರೆಗೆ ಆಳಿದ ಜೊಮೆಯ್ ಚಕ್ರವರ್ತಿ ಯಾಮಾತೊ ಬಯಲಿನ ಕಾಗು ಬೆಟ್ಟ ಹತ್ತಿ ನಾಡನ್ನು ನೋಡಿದ ಸಂದರ್ಭ ಅದರಲ್ಲಿದೆ. ಕಾಗು ಬೆಟ್ಟದ ಎತ್ತರ ಸುಮಾರು 152 ಮೀಟರ್. ದೊಡ್ಡ ಬೆಟ್ಟವೇನಲ್ಲ, ಆದರೆ ಅದರ ಮೇಲಿಂದ ಬಯಲು ಕಾಣುತ್ತದೆ. ಅರಸನಿಗೆ ಬೇಕಿದ್ದದ್ದೂ ಅಷ್ಟೇ.

ಇದಕ್ಕಿಂತ ಹಳೆಯ ಕಾಲದವನೆಂದು ಹೇಳಲಾಗುವ ನಿಂತೊಕು ಚಕ್ರವರ್ತಿಯ ಐತಿಹ್ಯವಂತೂ ಜಪಾನಿನಲ್ಲಿ ಬಹಳ ಪ್ರಸಿದ್ಧ. ಆತ ಎತ್ತರದ ಜಾಗದಲ್ಲಿ ನಿಂತು ನೋಡಿದಾಗ ಪ್ರಜೆಗಳ ಮನೆಗಳಿಂದ ಒಲೆಯ ಹೊಗೆ ಏಳುತ್ತಿರಲಿಲ್ಲವಂತೆ. ಹೊಗೆ ಇಲ್ಲ ಎಂದರೆ ಅಡುಗೆ ಇಲ್ಲ, ಅಡುಗೆ ಇಲ್ಲ ಎಂದರೆ ಅಕ್ಕಿ ಇಲ್ಲ. ಇದನ್ನು ಅರಿತ ಅರಸ ಮೂರು ವರ್ಷ ಕಂದಾಯವನ್ನೂ ಬಿಟ್ಟಿ ದುಡಿಮೆಯನ್ನೂ ಮನ್ನಾ ಮಾಡಿದ. ಅರಮನೆಯ ಸೂರು ಸೋರಿದರೂ ರಿಪೇರಿ ಮಾಡಿಸಲಿಲ್ಲ. ಮೂರು ವರ್ಷದ ನಂತರ ನೋಡಿದರೆ ಮನೆಮನೆಯಲ್ಲೂ ಹೊಗೆ! 712ರ ‘ಕೊಜಿಕಿ’ ಮತ್ತು 720ರ ‘ನಿಹೊನ್ ಶೊಕಿ’ ಗ್ರಂಥಗಳೆರಡರಲ್ಲೂ ಈ ಕಥೆ ಇದೆ. ಇದು ಇತಿಹಾಸಕ್ಕಿಂತ ಐತಿಹ್ಯವೆನ್ನುವುದೇ ಸರಿ. ಆದರೂ ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬೆಟ್ಟದ ಮೇಲಿನ ನೋಟ ಆಗ ಆಡಳಿತದ ಕೆಲಸವಾಗಿತ್ತು. ಮೇಲೆ ನಿಂತು ನೋಡುವವನು ಒಬ್ಬ, ಕೆಳಗೆ ಇದ್ದು ನೋಡಿಸಿಕೊಳ್ಳುವವರು ಉಳಿದವರೆಲ್ಲ.

ಗಂಡುವೇಷದಲ್ಲಿ ಫ್ಯೂಜಿ

ದೊಡ್ಡ ಬೆಟ್ಟಗಳ ಕಥೆ ಬೇರೆ. ಅವು ದೇವರ ನೆಲೆ. ಅಲ್ಲಿಗೆ ಹೋಗುವವರು ವ್ರತಧಾರಿಗಳಾದ ಯಾತ್ರಿಕರು, ತಪಸ್ವಿಗಳು. ಹೆಂಗಸರಿಗೆ ಪ್ರವೇಶ ಇರಲಿಲ್ಲ. ಫ್ಯೂಜಿ ಪರ್ವತದಲ್ಲೂ ಹೆಂಗಸರು ಒಂದು ಗಡಿಯಿಂದ ಮೇಲೆ ಕಾಲಿಡುವಂತಿರಲಿಲ್ಲ. 1832ರಲ್ಲಿ ತಾಕಯಾಮ ತಾತ್ಸು ಎಂಬ ಯುವತಿ ಗಂಡಸಿನ ವೇಷ ಧರಿಸಿ ಭಕ್ತರ ಗುಂಪಿನ ಜೊತೆ ಫ್ಯೂಜಿಯ ಶಿಖರ ಮುಟ್ಟಿದಳು. ದಾಖಲೆಯಲ್ಲಿ ಸಿಗುವ ಮೊದಲ ಮಹಿಳಾ ಆರೋಹಿ ಆಕೆಯೇ. ಪವಿತ್ರ ಬೆಟ್ಟಗಳ ಈ ನಿಷೇಧವನ್ನು ಸರ್ಕಾರ ರದ್ದು ಮಾಡಿದ್ದು 1872ರಲ್ಲಿ, ಅಂದರೆ ಆಕೆ ಹತ್ತಿ ಇಳಿದ ನಲವತ್ತು ವರ್ಷಗಳ ಮೇಲೆ.

ಅಲ್ಲಿಯವರೆಗೆ ಮನೆಯ ಹೆಂಗಸರು, ಮಕ್ಕಳು, ಮುದುಕರು ಏನು ಮಾಡಬೇಕು? ಎದೊ ನಗರದ (ಇಂದಿನ ಟೋಕಿಯೊ) ಭಕ್ತರು ಇದಕ್ಕೊಂದು ಉಪಾಯ ಹುಡುಕಿದರು. ಊರೊಳಗೇ ಮಣ್ಣು ಪೇರಿಸಿ ಪುಟ್ಟ ಫ್ಯೂಜಿಯನ್ನು ಕಟ್ಟಿದರು. 1779ರ ಸುಮಾರಿಗೆ ತಕಾದ ಎಂಬಲ್ಲಿ ಎದ್ದ ದಿಬ್ಬ ಇಂಥವುಗಳಲ್ಲಿ ಮೊದಲನೆಯದು. ನಿಜವಾದ ಫ್ಯೂಜಿಯಿಂದ ತಂದ ಲಾವಾ ಕಲ್ಲುಗಳನ್ನು ಇಂಥ ದಿಬ್ಬಗಳ ಮೈಮೇಲೆ ಜೋಡಿಸುತ್ತಿದ್ದರು. ಹತ್ತಿದರೆ ಫ್ಯೂಜಿ ಹತ್ತಿದಷ್ಟೇ ಪುಣ್ಯ. ಸಂಸಾರ ಸಮೇತ ಬೆಟ್ಟ ಹತ್ತುವ ಆಸೆ ಜನರಲ್ಲಿ ಎಷ್ಟು ಆಳವಾಗಿತ್ತೆಂಬುದಕ್ಕೆ ಈ ಮಣ್ಣಿನ ದಿಬ್ಬಗಳೇ ಸಾಕ್ಷಿ.

ಶೋಗನ್ ನೆಟ್ಟ ಚೆರಿ

ಇನ್ನು ಮತ್ತೆ ಅಸುಕಯಾಮಕ್ಕೆ ಬರೋಣ. ಹದಿನೆಂಟನೆಯ ಶತಮಾನದ ಎದೊ ಜಗತ್ತಿನ ಅತಿ ದೊಡ್ಡ ನಗರಗಳಲ್ಲೊಂದು. ಆದರೆ ನೆಲದ ಹಂಚಿಕೆ ವಿಚಿತ್ರವಾಗಿತ್ತು. ಹೆಚ್ಚಿನ ಭೂಮಿ ಸಮುರಾಯ್ ಮನೆತನಗಳ ವಶದಲ್ಲಿತ್ತು, ಒಂದಷ್ಟು ದೇವಸ್ಥಾನಗಳದ್ದು. ನಗರದ ಅರ್ಧದಷ್ಟಿದ್ದ ವ್ಯಾಪಾರಿಗಳು, ಕುಶಲಕರ್ಮಿಗಳು, ಕೂಲಿಯವರು ಸುಮಾರು ಆರನೇ ಒಂದು ಭಾಗದ ಜಾಗದಲ್ಲಿ ವಠಾರಗಳಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದರು. ಚೆರಿ ಹೂವಿನ ಕಾಲದಲ್ಲಿ ಅವರೆಲ್ಲ ಉಯೆನೊ ಗುಡ್ಡಕ್ಕೆ ಹೋಗುತ್ತಿದ್ದರು. ಆದರೆ ಅಲ್ಲಿ ಶೋಗನ್ ಮನೆತನದ ಸಮಾಧಿಗಳಿದ್ದವು. ಹಾಡು, ಕುಣಿತ, ಗದ್ದಲ ಕೂಡದು. ಸಂಜೆಯಾದರೆ ಜಾಗ ಖಾಲಿ ಮಾಡಬೇಕು.

ಉಯೆನೊಗೆ ಹೊರಟ ಬಡವರನ್ನು ಕುರಿತು ‘ರಾಕುಗೊ’ ಎಂಬ ಹಾಸ್ಯ ಕಥನ ಕಲೆಯಲ್ಲಿ ಒಂದು ಕಥೆ ಇದೆ. ವಠಾರದ ಬಡವರು ಮನೆಯ ಮಾಲೀಕನೊಂದಿಗೆ ಹೂವು ನೋಡಲು ಹೊರಡುತ್ತಾರೆ. ಮದ್ಯದ ಬದಲು ನೀರು ಬೆರೆಸಿದ ಚಹಾ, ಮೀನಿನ ತಿಂಡಿಯ ಬದಲು ಮೂಲಂಗಿ ಹೋಳು, ಮೊಟ್ಟೆಯ ಆಮ್ಲೆಟ್ ಬದಲು ಹಳದಿ ಬಣ್ಣದ ಮೂಲಂಗಿ ಉಪ್ಪಿನಕಾಯಿ! ನಗಿಸುವ ಕಥೆಯೇ ಸರಿ. ಆದರೆ ಬುತ್ತಿಯಲ್ಲಿ ಏನೂ ಇಲ್ಲದಿದ್ದರೂ ಗುಡ್ಡಕ್ಕೆ ಹೋಗುವುದನ್ನು ಬಿಡಬಾರದು ಎಂಬ ಹಟ ಆ ನಗೆಯ ಒಳಗಿದೆ.

ಎಂಟನೆಯ ಶೋಗನ್ ತೊಕುಗವಾ ಯೊಶಿಮುನೆ (ಆಳ್ವಿಕೆ 1716–1745) ಮಿತವ್ಯಯಕ್ಕೆ ಹೆಸರಾದವನು. ಜನರಿಗೂ ದುಂದುವೆಚ್ಚ ಬೇಡವೆಂದು ಕಟ್ಟುನಿಟ್ಟು ಮಾಡಿದವನು. ಅದೇ ಯೊಶಿಮುನೆ 1720ರಿಂದ ಅಸುಕಯಾಮದಲ್ಲಿ 1,270 ಚೆರಿ ಸಸಿಗಳನ್ನು ನೆಡಿಸಿದ. ಸಸಿಗಳು ಮರವಾದ ಮೇಲೆ, 1737ರಲ್ಲಿ, ಗುಡ್ಡವನ್ನು ಅಲ್ಲಿನ ಓಜಿ ದೇವಸ್ಥಾನಕ್ಕೆ ಒಪ್ಪಿಸಿ ಜನರಿಗೆ ತೆರೆದುಬಿಟ್ಟ. ಇಲ್ಲಿ ಕುಡಿಯಬಹುದು, ಹಾಡಬಹುದು, ವೇಷ ಹಾಕಿ ಕುಣಿಯಬಹುದು. ಗುಡ್ಡದ ಅಂಚಿನಿಂದ ಮಣ್ಣಿನ ಪುಟ್ಟ ತಟ್ಟೆಗಳನ್ನು ಬಯಲಿನತ್ತ ತೇಲಿಬಿಡುವುದು ಅಲ್ಲಿನ ಹೆಸರಾಂತ ಆಟ. ಬಿಗಿಯಾದ ಆಡಳಿತಕ್ಕೆ ಇಂಥದ್ದೊಂದು ಕಿಟಕಿಯೂ ಬೇಕೆಂಬ ಲೆಕ್ಕಾಚಾರ ಇದರಲ್ಲಿ ಇದ್ದಿರಬಹುದು. ಲೆಕ್ಕಾಚಾರ ಏನೇ ಇರಲಿ, ಜನಕ್ಕೆ ಗುಡ್ಡ ಸಿಕ್ಕಿತು.

ಆ ವರ್ಷ ನೆಟ್ಟ ಶಿಲಾಶಾಸನ ಈಗಲೂ ಅಲ್ಲಿದೆ. ಬರಹ ಹಳೆಯ ಚೀನೀ ಶೈಲಿಯದು, ಓದುವುದು ಕಷ್ಟ. ಹೂವು ನೋಡಲು ಬಂದವರು ಓದಲಾಗದ ಈ ಕಲ್ಲನ್ನು ಚುಟುಕಗಳಲ್ಲಿ ಗೇಲಿ ಮಾಡುತ್ತಿದ್ದರು. ಅವರಿಗೆ ಬೇಕಿದ್ದದ್ದು ಕಲ್ಲಿನ ಮಾತಲ್ಲ, ಮೇಲಿನ ನೋಟ. ಆ ನೋಟ ಹೇಗಿತ್ತೆಂದು ಚಿತ್ರಕಾರ ಹಿರೊಶಿಗೆ ತನ್ನ ಎದೊ ನಗರದ ನೂರು ದೃಶ್ಯಗಳ ಮಾಲಿಕೆಯಲ್ಲಿ (1856–58) ತೋರಿಸಿದ್ದಾನೆ. ಹೂ ಬಿಟ್ಟ ಮರಗಳು, ಕೆಳಗೆ ಗದ್ದೆ ಬಯಲು, ದೂರದಲ್ಲಿ ಎರಡು ಕೋಡಿನ ತ್ಸುಕುಬಾ ಬೆಟ್ಟ.

1873ರ ಜನವರಿಯಲ್ಲಿ ಮೇಜಿ ಸರ್ಕಾರ ಸಾರ್ವಜನಿಕ ಉದ್ಯಾನಗಳ ಆಜ್ಞೆ ಹೊರಡಿಸಿತು. ಟೋಕಿಯೊದಲ್ಲಿ ಮೊದಲಿಗೆ ಆಯ್ಕೆಯಾದ ಐದು ಜಾಗಗಳಲ್ಲಿ ಅಸುಕಯಾಮವೂ ಒಂದು. ಆದರೆ ಗುಡ್ಡದ ಒಂದು ಭಾಗದಲ್ಲಿ ಸಿರಿವಂತರ ಬಂಗಲೆಯೂ ಎದ್ದಿತು. ಆಧುನಿಕ ಜಪಾನಿನ ಉದ್ಯಮಗಳ ಪಿತಾಮಹನೆನಿಸಿದ ಶಿಬುಸಾವ ಎಯಿಚಿ ಇಲ್ಲಿ ಮನೆ ಕಟ್ಟಿಸಿ 1931ರಲ್ಲಿ ತೀರಿಕೊಳ್ಳುವವರೆಗೂ ವಾಸವಾಗಿದ್ದರು. ಗುಡ್ಡದ ಬುಡದಲ್ಲಿ ಅವರೇ ಸ್ಥಾಪಿಸಿದ ಕಾಗದ ಕಾರ್ಖಾನೆ. ನಿಂತೊಕು ಹುಡುಕಿದ ಒಲೆಯ ಹೊಗೆಯ ಜಾಗದಲ್ಲಿ ಈಗ ಚಿಮಣಿಯ ಹೊಗೆ! ನಮ್ಮವರಿಗೂ ಶಿಬುಸಾವ ಅಪರಿಚಿತರಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಕಾರಣರಾದ ಜಮ್‌ಶೆಡ್‌ಜಿ ಟಾಟಾ 1893ರಲ್ಲಿ ಜಪಾನಿಗೆ ಹೋಗಿ, ಬೊಂಬಾಯಿ–ಜಪಾನ್ ಹಡಗು ಮಾರ್ಗದ ಬಗ್ಗೆ ಮಾತನಾಡಿದ್ದು ಇವರ ಜೊತೆಯಲ್ಲೇ.

ನಕಾಶೆಯಲ್ಲಿ ಇಲ್ಲದ ಬೆಟ್ಟ

ಉದ್ಯಾನದ ಆಜ್ಞೆ ಬಂದದ್ದರಿಂದ ಎಲ್ಲ ಬೆಟ್ಟಗಳೂ ಜನರದ್ದಾದವು ಎಂದುಕೊಳ್ಳಬೇಕಿಲ್ಲ. ಉತ್ತರದ ಹೊಕ್ಕೈದೊ ದ್ವೀಪದ ಹಕೊದಾತೆ ಬಂದರಿನ ಬೆಟ್ಟವನ್ನೇ ನೋಡಿ. 334 ಮೀಟರ್ ಎತ್ತರದ ಈ ಬೆಟ್ಟದಿಂದ ಎರಡು ಬದಿಯ ಕಡಲಿನ ನಡುವೆ ಸೊಂಟದಂತೆ ಕಿರಿದಾದ ನೆಲ ಮತ್ತು ಅದರ ಮೇಲೆ ಹರಡಿದ ಊರಿನ ದೀಪಗಳು ಕಾಣುತ್ತವೆ. ಇಂದು ಅದು ಜಪಾನಿನ ಅತ್ಯಂತ ಹೆಸರಾದ ರಾತ್ರಿನೋಟಗಳಲ್ಲೊಂದು. ಆದರೆ 1890ರ ದಶಕದ ಕೊನೆಯಲ್ಲಿ ಸೈನ್ಯ ಅಲ್ಲಿ ಫಿರಂಗಿ ನೆಲೆಗಳನ್ನು ಕಟ್ಟಿತು. 1899ರ ಕೋಟೆವಲಯ ಕಾನೂನಿನ ಪ್ರಕಾರ ಇಂಥ ಜಾಗಗಳಲ್ಲಿ ಅನುಮತಿಯಿಲ್ಲದೆ ಫೋಟೊ ತೆಗೆಯುವುದು, ಚಿತ್ರ ಬರೆಯುವುದು, ಅಳತೆ ಮಾಡುವುದು ಅಪರಾಧ. ಅಂಚೆ ಕಾರ್ಡಿನ ಚಿತ್ರಕ್ಕೂ ಸೇನೆಯ ಒಪ್ಪಿಗೆ ಬೇಕಿತ್ತು. ನಕಾಶೆಗಳಲ್ಲಿ ಬೆಟ್ಟದ ಜಾಗ ಬರೀ ಬಿಳಿ.

ಹೀಗೆ ಸುಮಾರು ಅರ್ಧ ಶತಮಾನ ಹಕೊದಾತೆಯ ಮಕ್ಕಳು ಕಣ್ಣೆದುರಿಗಿದ್ದ ಬೆಟ್ಟವನ್ನು ಹತ್ತದೆಯೇ ದೊಡ್ಡವರಾದರು. ಯುದ್ಧ ಮುಗಿದು 1946ರಲ್ಲಿ ಬೆಟ್ಟ ತೆರೆಯಿತು. 1958ರಲ್ಲಿ ರೋಪ್‌ವೇ ಬಂತು. ಮನುಷ್ಯರ ಕಾಲು ಬೀಳದ ಕಾರಣ ಸುಮಾರು 600 ಜಾತಿಯ ಸಸ್ಯಗಳು ಅಲ್ಲಿ ಉಳಿದುಕೊಂಡಿದ್ದು, ಕೋಟೆಯ ಕಾಲದ ಅನಿರೀಕ್ಷಿತ ಲಾಭ.

ಅಸುಕಯಾಮಕ್ಕೂ ಯುದ್ಧ ತಟ್ಟಿತು. 1945ರ ಬಾಂಬ್ ದಾಳಿಯಲ್ಲಿ ಶಿಬುಸಾವ ಮನೆಯ ಬಹುಭಾಗ ಸುಟ್ಟುಹೋಯಿತು. ಉಳಿದ ಎರಡು ಕಟ್ಟಡಗಳಿರುವ ಹಳೆಯ ತೋಟ ಈಗ ಉದ್ಯಾನದ ಭಾಗ. ಒಂದು ಕಾಲದ ಖಾಸಗಿ ಅಂಗಳದಲ್ಲಿ ಇಂದು ಯಾರು ಬೇಕಾದರೂ ಅಡ್ಡಾಡಬಹುದು.

ಬುತ್ತಿಯ ಗಂಟು

‘ಸಂಸಾರ ಸಮೇತ ಒಂದು ದಿನ’ ಎಂಬುದು ಸಾಮಾನ್ಯರಿಗೆಲ್ಲ ಎಟುಕಿದ್ದು ಯುದ್ಧದ ನಂತರವೇ. 1948ರಲ್ಲಿ ರಾಷ್ಟ್ರೀಯ ರಜಾದಿನಗಳ ಕಾನೂನು, 1956ರಲ್ಲಿ ನಗರ ಉದ್ಯಾನಗಳ ಕಾನೂನು, ಅರವತ್ತರ ದಶಕದಲ್ಲಿ ಮಧ್ಯಮ ವರ್ಗಕ್ಕೆ ಸ್ವಂತ ಕಾರು. ಊರೂರಿನ ಗುಡ್ಡಗಳಿಗೆ ರಸ್ತೆ, ನೋಟದ ಕಟ್ಟೆ, ನಾಣ್ಯ ಹಾಕಿ ನೋಡುವ ದುರ್ಬೀನು ಬಂದವು. ಯಾವ ದಿಕ್ಕಿನಲ್ಲಿ ಯಾವ ಶಿಖರ ಎಂದು ತೋರಿಸುವ ಫಲಕ, ಮಕ್ಕಳಿಗೆ ಜಾರುಬಂಡೆಯೂ ಬಂದವು. 2016ರಿಂದ ಆಗಸ್ಟ್ 11 ‘ಬೆಟ್ಟದ ದಿನ’ವಾಗಿ ಸಾರ್ವಜನಿಕ ರಜೆಯೂ ಆಗಿದೆ.

ಹಾಗಾದರೆ ನೋಟದ ಪ್ರಶ್ನೆ ಬಗೆಹರಿಯಿತೇ? ಇಲ್ಲ. ಅಸುಕಯಾಮ ಇರುವ ಉದ್ದನೆಯ ದಿಣ್ಣೆಯ ಮೇಲೆಯೇ ನಿಪ್ಪೊರಿ ಎಂಬ ಬಡಾವಣೆ ಇದೆ. ಅಲ್ಲೊಂದು ಇಳಿಜಾರು ಬೀದಿಯ ಹೆಸರು ಫ್ಯೂಜಿಮಿ, ಅಂದರೆ ‘ಫ್ಯೂಜಿ ಕಾಣುವ ಜಾಗ’. ಆ ಬೀದಿಯಿಂದ ಕಾಣುತ್ತಿದ್ದ ಫ್ಯೂಜಿಯ ನೋಟ 2013ರಲ್ಲಿ ಹೊಸ ಕಟ್ಟಡವೊಂದರ ಹಿಂದೆ ಮರೆಯಾಯಿತು. ನಿವಾಸಿಗಳ ಹೋರಾಟ ಫಲಿಸಲಿಲ್ಲ, ಹೆಸರು ಮಾತ್ರ ಉಳಿಯಿತು. ಇದಕ್ಕೆ ಎದುರಾದ ಪ್ರಸಂಗವೂ ಇದೆ. 2024ರಲ್ಲಿ ಪಶ್ಚಿಮ ಟೋಕಿಯೊದ ಕುನಿತಾಚಿಯಲ್ಲಿ ಫ್ಯೂಜಿಯ ನೋಟಕ್ಕೆ ಅಡ್ಡಬಂದ ಹತ್ತು ಅಂತಸ್ತಿನ ವಸತಿ ಕಟ್ಟಡವನ್ನು, ಮುಗಿಯುವ ಹಂತದಲ್ಲಿದ್ದರೂ, ಕಟ್ಟಿದವರೇ ಕೆಡವಲು ತೀರ್ಮಾನಿಸಿದರು. ಅರಸನ ಅಪ್ಪಣೆ, ದೇವರ ನಿಷೇಧ, ಸೈನ್ಯದ ಕಾವಲು ಎಲ್ಲ ಹೋದ ಮೇಲೆ ನೋಟಕ್ಕೆ ಎದುರಾಗಿರುವುದು ನೆಲದ ಬೆಲೆ. ಇದಕ್ಕೆ ಜಪಾನ್ ಇನ್ನೂ ಪೂರ್ತಿ ಉತ್ತರ ಕಂಡುಕೊಂಡಿಲ್ಲ.

ಜಪಾನಿನಲ್ಲಿ 1982ರಿಂದೀಚೆಗೆ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಇದೆ. ಪುಟಾಣಿ ರೈಲುಪೆಟ್ಟಿಗೆಯಲ್ಲಿ ಮೊಮ್ಮಕ್ಕಳಿಗಿಂತ ಅಜ್ಜ ಅಜ್ಜಿಯರೇ ಹೆಚ್ಚು ಕುಳಿತುಕೊಳ್ಳುವ ಕಾಲವಿದು. ಆದರೂ ಸುಮಾರು 600 ಚೆರಿ ಮರಗಳು ಹೂಬಿಡುವ ವಾರ ಅಸುಕಯಾಮದಲ್ಲಿ ಚಾಪೆ ಹಾಸಲು ಜಾಗ ಸಿಗುವುದು ಕಷ್ಟ. ಎತ್ತರದಲ್ಲಿ ನಿಂತ ಯಾವ ಮಗುವಾದರೂ ಮೊದಲು ಕೇಳುವ ಪ್ರಶ್ನೆ ಒಂದೇ: ನಮ್ಮ ಮನೆ ಎಲ್ಲಿದೆ? ನಿಂತೊಕು ಅರಸ ಬೆಟ್ಟದ ಮೇಲಿಂದ ಹುಡುಕಿದ್ದು ಪ್ರಜೆಗಳ ಮನೆಗಳನ್ನು. ಇಂದು ಅದೇ ಮನೆಗಳವರು ಮೇಲೆ ಬಂದು ತಮ್ಮ ಸೂರನ್ನು ತಾವೇ ಹುಡುಕುತ್ತಿದ್ದಾರೆ.