ಕೈಗೆ ಬಂದ ರೊಕ್ಕ

ಬೆಂಗಳೂರಿನವರಿಗೆ ದುಡ್ಡು, ನಮಗೆ ರೊಕ್ಕ. ಈ ಮಾತಿನ ಮೂಲದಲ್ಲಿರುವುದು ಸಂಸ್ಕೃತದ 'ರೋಕ'. ಒಡನೆ ಕೈಗೆ ಕೊಡುವ ನಗದು ಎಂಬುದೇ ಅದರ ಅರ್ಥ. ನೆರೆಯ ಮರಾಠಿಯಲ್ಲೂ ರೋಖ ಎಂದರೆ ನಗದೇ. ಅದರ ಎದುರಾಳಿ ಉದ್ರಿ. 'ಇಂದು ನಗದು, ನಾಳೆ ಉದ್ರಿ' ಎಂಬ ಹಲಗೆಯನ್ನು ಕಿರಾಣಿ ಅಂಗಡಿಯಲ್ಲಿ ಕಾಣದವರು ಯಾರು? ಆದರೂ ಗೌಂಡಿಯೋ ಬಡಿಗನೋ ಕೆಲಸ ಮುಗಿಸಿ, 'ಅಕ್ಕೋರ, ಫೋನಿನ್ಯಾಗ ಬ್ಯಾಡ್ರಿ, ಕೈಯಾಗ ಕೊಡ್ರಿ' ಎಂದರೆ ನಮ್ಮ ಹುಬ್ಬು ಮೇಲೇರುತ್ತದೆ. ತೆರಿಗೆ ತಪ್ಪಿಸುವ ಉಪಾಯವಿದು ಎಂದು ಸಂಬಳದಾರರಾದ ನಾವು ತೀರ್ಮಾನವನ್ನೇ ಕೊಟ್ಟುಬಿಡುತ್ತೇವೆ.

ಹಿಂದೆ ಹಳ್ಳಿಯ ಬಡಿಗ, ಕಮ್ಮಾರ, ಕುಂಬಾರ, ಮಡಿವಾಳರಿಗೆ ರೊಕ್ಕ ಕೊಡುವ ರೂಢಿಯೇ ಕಡಿಮೆಯಿತ್ತು. ಅವರು ಆಯಗಾರರು. ಮರಾಠಿ ದಫ್ತರಗಳಲ್ಲಿ ಇವರೇ ಬಾರಾ ಬಲೂತಿಗಳು. ವರ್ಷವಿಡೀ ರೈತನ ಕೂರಿಗೆ, ಕುಂಟೆ, ಬಂಡಿಗಳ ಕೆಲಸ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ಪಾಲು ತರಬೇಕು. ಇದನ್ನು ಊರೊಟ್ಟಿನ ಬಾಳುವೆಯೆಂದು ಕೊಂಡಾಡುವ ಲೇಖನಗಳನ್ನು ನಾನೂ ಬಹಳ ಓದಿದ್ದೇನೆ. ಬರೆದವರು ಕಣದ ನಡುವೆ ನಿಂತು ನೋಡಿದವರಿರಬೇಕು. ಅಂಚಿನಲ್ಲಿ ಸೆರಗೊಡ್ಡಿ ನಿಂತವಳ ಕಣ್ಣಿನಿಂದ ನೋಡಿದವರಲ್ಲ. ಮಳೆ ಹೋದ ವರ್ಷ ಆಯವೂ ಹೋಯಿತು. ರೈತನಿಗೆ ಸಿಟ್ಟು ಬಂದರೆ ಪಾಲು ಸಣ್ಣದಾಯಿತು. ದುಡಿದು ಗಳಿಸಿದ್ದನ್ನೇ ಬೇಡಿ ತರಬೇಕು, ಕೊಡುವವನಿಗೆ ಅದು ದಾನದಂತೆ ತೋರಬೇಕು. ಆಯದ ಹಕ್ಕು ಇದ್ದ ಊರನ್ನು ಬಿಟ್ಟು ಹೋಗುವುದೂ ಸುಲಭವಲ್ಲ. ಅಂಥವನ ಕೈಗೆ ಸಂಜೆಯೇ ಎಣಿಸಿ ಕೊಟ್ಟ ರೊಕ್ಕ ಬರತೊಡಗಿದಾಗ ಆದ ಬಿಡುಗಡೆ ಸಣ್ಣದಲ್ಲ.

ನೇಕಾರರ ಕತೆ ಬೇರೆ. ಅವರು ಸಾಮಾನ್ಯವಾಗಿ ಈ ಆಯದ ಲೆಕ್ಕದೊಳಗೆ ಬಂದವರಲ್ಲ. ನೂಲು ಕೊಳ್ಳಬೇಕು, ನೇಯ್ದದ್ದನ್ನು ಸಂತೆಯಲ್ಲಿ ಮಾರಬೇಕು. ವಿಜಯನಗರದ ಕಾಲದ ಶಾಸನಗಳಲ್ಲಿ 'ಮಗ್ಗದೆರೆ' ಎಂಬ ತೆರಿಗೆಯ ಹೆಸರೇ ಇದೆ; ಅದಕ್ಕೂ ನಾಣ್ಯ ಬೇಕು. ನಮ್ಮ ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ಮುಂದೆ ಬಂಡವಾಳವಿಲ್ಲದ ನೇಕಾರನಿಗೆ ಮಾಲೀಕನೇ ನೂಲು ಕೊಟ್ಟು, ಸೀರೆ ತೆಗೆದುಕೊಂಡು, ಮಜೂರಿ ಕೊಡುವ ಪದ್ಧತಿ ಬೆಳೆಯಿತು. ಮದುವೆಗೆಂದೋ ಕಾಯಿಲೆಗೆಂದೋ ಮುಂಗಡ ಪಡೆದರೆ ಅದು ಬಾಕಿಯಾಗಿ ಪುಸ್ತಕದಲ್ಲಿ ಕೂರುತ್ತದೆ, ವಾರವಾರವೂ ಮಜೂರಿಯಲ್ಲಿ ಮುರಿಯುತ್ತದೆ. ಮನೆಯಾಕೆಗೆ ಬೇಕಾದದ್ದು ಪುಸ್ತಕದಲ್ಲಿ ಬರೆದ ಅಂಕಿಯಲ್ಲ, ಸಂತೆಯ ದಿನ ಕೈಗೆ ಬರುವ ನೋಟು. ನಗದಿನ ಗುಟ್ಟು ಇಲ್ಲಿದೆ ಎಂದು ನನಗೆ ತೋರುತ್ತದೆ. ಲೆಕ್ಕಕ್ಕೆ ಸೇರಿದ ಹಣವನ್ನು ಹಳೆಯ ಬಾಕಿ ಹಿಡಿದುಕೊಳ್ಳುತ್ತದೆ. ಕೈಗೆ ಬಂದದ್ದನ್ನು ಅಷ್ಟು ಸುಲಭವಾಗಿ ಯಾರೂ ಹಿಡಿಯಲಾರರು.

ಇದು ನಮ್ಮ ನಾಡಿನದಷ್ಟೇ ಕತೆಯಲ್ಲ. ಇಂಗ್ಲೆಂಡಿನ ಮಾಲೀಕರು ಕೂಲಿಯ ಬದಲು ತಮ್ಮದೇ ಅಂಗಡಿಯ ಸಾಮಾನು ಕೊಟ್ಟು ಕಳಿಸುತ್ತಿದ್ದರು. ಅದನ್ನು ತಡೆಯಲು 1831ರಲ್ಲಿ ಟ್ರಕ್ ಕಾಯದೆ ಬಂತು. ನಮ್ಮ ದೇಶದ 1936ರ ವೇತನ ಪಾವತಿ ಕಾಯದೆಯೂ ಕೂಲಿಯನ್ನು ಚಲಾವಣೆಯ ನಾಣ್ಯ, ನೋಟುಗಳಲ್ಲೇ ಕೊಡಬೇಕೆಂದು ವಿಧಿಸಿತು. 1976ರ ತಿದ್ದುಪಡಿಯ ನಂತರ ಚೆಕ್ಕಿನಿಂದಲೋ ಬ್ಯಾಂಕಿನ ಮೂಲಕವೋ ಕೊಡಬಹುದಾಯಿತು, ಅದೂ ಕೆಲಸಗಾರ ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ. ಆ ಒಪ್ಪಿಗೆ ಬೇಡವೆಂದಾದದ್ದು 2017ರ ತಿದ್ದುಪಡಿಯಲ್ಲಿ. ಇಂದು ನಾವು ಅನುಮಾನದಿಂದ ನೋಡುವ ನಗದು ಎಷ್ಟೋ ದಶಕಗಳ ಕಾಲ ಬಡವನ ರಕ್ಷಣೆಗೆಂದು ಕಾನೂನೇ ಹೇಳಿದ ದಾರಿಯಾಗಿತ್ತು!

ಬ್ಯಾಂಕಿಗೂ ಒಂದು ಪುಸ್ತಕವಿದೆಯಷ್ಟೆ. ನಮ್ಮ ಕಡೆಯ ರೈತನಿಗೆ ಇದು ಚೆನ್ನಾಗಿ ಗೊತ್ತು. ಕಬ್ಬಿನ ಬಿಲ್ಲು ಖಾತೆಗೆ ಬಂದರೆ ಸಾಲದ ಕಂತು ಮೊದಲು ಮುರಿಯುತ್ತದೆ, ಉಳಿದರೆ ಅವನಿಗೆ. ಗೌಂಡಿಗಾದರೋ ಸಂಜೆ ಇಬ್ಬರು ಆಳುಗಳಿಗೆ ಪಗಾರ ಹಂಚಬೇಕು, ಮನೆಗೆ ಎಣ್ಣೆ, ಬೇಳೆ ಒಯ್ಯಬೇಕು. ತೆರಿಗೆ ತಪ್ಪಿಸುವವರೂ ಇದ್ದಾರೆ, ಇಲ್ಲವೆನ್ನಲಾರೆ. ಆದರೆ 'ಬಿಲ್ ಬ್ಯಾಡಂದ್ರ ಎಷ್ಟು ಕಮ್ಮಿ ಮಾಡ್ತೀರಿ?' ಎಂದು ದೊಡ್ಡ ಅಂಗಡಿಯಲ್ಲಿ ಕೇಳುವವರು ನಾವೇ ಅಲ್ಲವೆ?

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಸುಮಾರು ನೂರಕ್ಕೆ 86 ಪಾಲು ಅವೇ. ಅಕ್ಕಿ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ ಹೆಂಗಸರು ಗಂಡನಿಗೂ ಹೇಳದೆ ಕೂಡಿಟ್ಟದ್ದು ಅಂದು ಹೊರಬಂತು. ಕಪ್ಪು ಹಣವಲ್ಲ ಅದು, ಕಷ್ಟಕಾಲದ ಹಣ. ಅದೇ ವರ್ಷ ಯುಪಿಐ ಬಂತು. ಚಹಾದಂಗಡಿಯವರೂ ಫಲಕ ತೂಗುಹಾಕಿದರು. ಮುಂದೆ 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಆ ಯುಪಿಐ ಲೆಕ್ಕವನ್ನೇ ಹಿಡಿದು ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿ ಸರಕು ಮಾರಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ನಿಯಮ. ದಿನಕ್ಕೆ ಸುಮಾರು 11 ಸಾವಿರದ ವಹಿವಾಟು ಅದು, ಲಾಭವಲ್ಲ. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟಿಸು ಹೋಯಿತು. ಬೆಂಗಳೂರಿನ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿದವು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆದು ಮಾತಾಡಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ಮತ್ತೆ ಬಂತಲ್ಲ 'ಬಾಕಿ' ಎಂಬ ಮಾತು, ನೋಡಿರಿ.

ಫೋನಿನ ವಿಷಯದಲ್ಲಿ ಇನ್ನೊಂದನ್ನು ಗಂಡಸರು ಬರೆಯುವುದಿಲ್ಲ. ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವವರು ಹೆಚ್ಚಾಗಿ ಹೆಂಗಸರು, ಹಿರಿಯರು. ಖಾತೆ ಆಕೆಯ ಹೆಸರಿನಲ್ಲೇ ಇದ್ದೀತು. ಆದರೆ ಅದಕ್ಕೆ ಜೋಡಿಸಿದ ಫೋನು ಎಷ್ಟೋ ಮನೆಗಳಲ್ಲಿ ಗಂಡನ ಇಲ್ಲವೆ ಮಗನ ಕಿಸೆಯಲ್ಲಿರುತ್ತದೆ. ರೊಕ್ಕ ಬಂದ ಸಪ್ಪಳ ಮೊದಲು ಅಲ್ಲಿ ಕೇಳುತ್ತದೆ. ನಗದಾದರೆ ಸೆರಗಿನ ಗಂಟಿಗೆ ಸೇರುತ್ತದೆ.