ಉಪ್ಪುನೀರಿನ ಅಕ್ವೇರಿಯಮ್‌ನ ನೀರು ಶುದ್ಧೀಕರಣ ಘಟಕ: ಬದಲಿಯ ಆಯ್ಕೆ

ಮನೆಯಲ್ಲಿ ಕಡಲ ಮೀನು, ಹವಳ, ಸೀಗಡಿ ಮೊದಲಾದ ಜೀವಿಗಳನ್ನು ಸಾಕುವ ಉಪ್ಪುನೀರಿನ ತೊಟ್ಟಿಗೆ ಬೇಕಾಗುವ ಸಿಹಿನೀರಿನಿಂದ ಲವಣ, ಲೋಹ, ಕ್ಲೋರಿನ್ ಮುಂತಾದ ಕರಗಿದ ಪದಾರ್ಥಗಳನ್ನು ತೆಗೆದುಹಾಕುವ ಉಪಕರಣವನ್ನು ಹವ್ಯಾಸಿಗಳು ಆರ್‌ಓ-ಡಿಐ ಘಟಕವೆಂದು ಕರೆಯುತ್ತಾರೆ. ಒತ್ತಡ ಹಾಕಿ ನೀರನ್ನು ಅತಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣವನ್ನು ಹಿಂದೆ ಉಳಿಸುವ ಹಿಮ್ಮುಖ ಅಭಿಸರಣೆ ಇದರ ಮೊದಲ ಭಾಗ. ಪೊರೆಯನ್ನೂ ದಾಟಿಬಂದ ಅಲ್ಪ ಲವಣವನ್ನು ರಾಳದ ಹರಳುಗಳಿಂದ ಹಿಡಿದಿಡುವ ಅಯಾನು ನಿವಾರಣೆ ಎರಡನೆಯ ಭಾಗ. ಹಳೆಯ ಘಟಕ ಸೋತಾಗ ಹೊಸದನ್ನು ಆರಿಸುವುದು ಸಾಮಾನ್ಯವಾಗಿ ದಿನಕ್ಕೆ ಎಷ್ಟು ಲೀಟರ್ ಬರುತ್ತದೆ ಎಂಬ ಒಂದೇ ಅಂಕಿಯ ಮೇಲೆ ನಡೆಯುತ್ತದೆ. ಆದರೆ ಮನೆಗೆ ಬರುವ ನೀರಿನಲ್ಲಿ ಏನಿದೆ ಮತ್ತು ಹಳೆಯ ಘಟಕದ ಯಾವ ಹಂತ ಕೈಕೊಟ್ಟಿತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕದೆ ಮಾಡಿದ ಆಯ್ಕೆ ಬಹಳ ಕಾಲ ಬಾಳುವುದಿಲ್ಲ.

ಕುಡಿಯಲು ಯೋಗ್ಯವಾದ ನೀರು ತೊಟ್ಟಿಗೂ ಯೋಗ್ಯವೆಂಬ ಭಾವನೆ ಸಹಜವಾದರೂ ಸರಿಯಲ್ಲ. ತೊಟ್ಟಿಯಿಂದ ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಪ್ರತಿದಿನ ಸಿಹಿನೀರನ್ನೇ ತುಂಬಬೇಕಾಗುತ್ತದೆ, ಮತ್ತು ಆ ನೀರು ಹೊತ್ತು ತಂದ ಕಲ್ಮಶ ದಿನದಿನಕ್ಕೂ ಕೂಡುತ್ತ ಹೋಗುತ್ತದೆ. 200 ಲೀಟರಿನ ತೊಟ್ಟಿಯಿಂದ ದಿನಕ್ಕೆ 3 ಲೀಟರ್ ಆರಿದರೆ ವರ್ಷಕ್ಕೆ ಸುಮಾರು 1,100 ಲೀಟರ್ ಮರುಪೂರಣ ಬೇಕು. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದೆನ್ನುತ್ತದೆ. ಆ ಮಿತಿಯಲ್ಲಿರುವ ನೀರನ್ನೇ ವರ್ಷವಿಡೀ ತುಂಬಿದರೆ ಸುಮಾರು 50 ಗ್ರಾಂ ನೈಟ್ರೇಟ್ ತೊಟ್ಟಿಗೆ ಸೇರುತ್ತದೆ. ಅದು ಬಳಕೆಯಾಗದೆ ಉಳಿದರೆ ಲೀಟರಿಗೆ ಸುಮಾರು 250 ಮಿಲಿಗ್ರಾಂ ಆಗುತ್ತದೆ, ಹವಳ ಸಾಕುವವರಾದರೋ ಅದನ್ನು 10ಕ್ಕಿಂತ ಕೆಳಗೆ ಇಡಲು ಹೆಣಗುತ್ತಾರೆ. ತಾಮ್ರದ ವಿಷಯ ಇನ್ನೂ ಕಠಿಣ. ಮೀನಿನ ಪರಾವಲಂಬಿ ರೋಗಗಳಿಗೆ ಔಷಧವಾಗಿ ಬಳಸುವ ತಾಮ್ರದ ಸಾಂದ್ರತೆ ಲೀಟರಿಗೆ ಸುಮಾರು 0.2 ಮಿಲಿಗ್ರಾಂ, ಮೀನು ತಾಳಿಕೊಳ್ಳುವ ಆ ಪ್ರಮಾಣವೇ ಸೀಗಡಿ, ಬಸವನಹುಳು, ಹವಳಗಳಿಗೆ ಮಾರಕ.

ಶುದ್ಧ ಸಿಹಿನೀರು ಮರುಪೂರಣಕ್ಕಷ್ಟೇ ಅಲ್ಲ, ಉಪ್ಪು ಬೆರೆಸಿ ತೊಟ್ಟಿಯ ನೀರನ್ನು ಕಲಸಲೂ ಬೇಕು. ಕೃತಕ ಕಡಲ ನೀರನ್ನು ಮನೆಯಲ್ಲೇ ಕಲಸುವ ಪದ್ಧತಿಗೆ ದೀರ್ಘ ಇತಿಹಾಸವಿದೆ. ಇಂಗ್ಲೆಂಡಿನ ನಿಸರ್ಗಶಾಸ್ತ್ರಜ್ಞ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಅಡುಗೆ ಉಪ್ಪು ಮತ್ತು ಮೆಗ್ನೀಸಿಯಮ್, ಪೊಟ್ಯಾಸಿಯಮ್ ಲವಣಗಳಿಂದ ಅದನ್ನು ಮಾಡುವ ವಿಧಾನವನ್ನು ಪ್ರಕಟಿಸಿದ್ದನು. ಕಲಸಲು ಬೇಕಾದ ನಿರ್ಮಲ ಸಿಹಿನೀರು ಸುಲಭವಾದದ್ದು ಮಾತ್ರ ಶತಮಾನದ ನಂತರ. 1950ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಸೆಲ್ಯುಲೋಸ್ ಅಸಿಟೇಟಿನಿಂದ ಬಳಕೆಗೆ ಬರುವಂಥ ಮೊದಲ ಹಿಮ್ಮುಖ ಅಭಿಸರಣ ಪೊರೆಯನ್ನು ತಯಾರಿಸಿದರು. 1970ರ ದಶಕದಲ್ಲಿ ಅಮೆರಿಕದ ಜಾನ್ ಕ್ಯಾಡಟ್ ರೂಪಿಸಿದ ಪಾಲಿಅಮೈಡಿನ ತೆಳುಪದರ ಪೊರೆ ಅದರ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿತು. ಇಂದು ಮನೆಗಳಲ್ಲಿರುವುದು ಈ ಎರಡನೆಯ ಬಗೆ. ಕಡಿಮೆ ಒತ್ತಡದಲ್ಲಿ ಹೆಚ್ಚು ಲವಣವನ್ನು ತಡೆಯುವ ಗುಣ ಇದಕ್ಕಿದ್ದರೂ ಕ್ಲೋರಿನ್ ತಗುಲಿದರೆ ಬೇಗ ಹಾಳಾಗುತ್ತದೆ, ಮತ್ತು ಪೊರೆಗೆ ಮುಂಚಿನ ಹಂತಗಳೆಲ್ಲ ಬಹುಮಟ್ಟಿಗೆ ಈ ದೌರ್ಬಲ್ಯದಿಂದ ಪೊರೆಯನ್ನು ಕಾಯಲೆಂದೇ ಇವೆ.

ನೀರು ಮೊದಲು 5 ಅಥವಾ 1 ಮೈಕ್ರಾನಿನ ಕೆಸರು ಶೋಧಕವನ್ನೂ ಅನಂತರ ಸಕ್ರಿಯ ಇದ್ದಿಲಿನ ಶೋಧಕವನ್ನೂ ಹಾದುಬರುತ್ತದೆ. ಕೆಸರು ಶೋಧಕ ಮಣ್ಣು ತುಕ್ಕುಗಳನ್ನು ತಡೆದು ಇದ್ದಿಲನ್ನು ಕಾಯುತ್ತದೆ, ಇದ್ದಿಲು ಕ್ಲೋರಿನ್ನನ್ನು ನಾಶಮಾಡಿ ಪೊರೆಯನ್ನು ಕಾಯುತ್ತದೆ. ಅಮೆರಿಕದ ಹಲವು ನಗರಗಳಲ್ಲಿರುವಂತೆ ಸರಬರಾಜು ನೀರಿಗೆ ಕ್ಲೋರಿನ್ ಬದಲು ಕ್ಲೋರಮೈನ್ ಸೇರಿಸುತ್ತಿದ್ದರೆ ಸಾಮಾನ್ಯ ಇದ್ದಿಲಿನ ಒಂದು ಹಂತ ಸಾಲದು. ಅಂಥಲ್ಲಿ ವೇಗವರ್ಧಕ ಗುಣವುಳ್ಳ ಇದ್ದಿಲನ್ನೋ ಎರಡು ಇದ್ದಿಲಿನ ಹಂತಗಳನ್ನೋ ಇಡಬೇಕಾಗುತ್ತದೆ, ಏಕೆಂದರೆ ಕ್ಲೋರಮೈನ್ ಒಡೆಯಲು ಹೆಚ್ಚು ಹೊತ್ತಿನ ಸಂಪರ್ಕ ಬೇಕು, ಒಡೆದಾಗ ಬಿಡುಗಡೆಯಾಗುವ ಅಮೋನಿಯಾವನ್ನು ಮುಂದಿನ ರಾಳವೇ ಹಿಡಿಯಬೇಕು.

ಇಡೀ ಘಟಕವನ್ನು ಬದಲಿಸುವ ಮುನ್ನ ಬದಲಾವಣೆ ನಿಜವಾಗಿ ಎಲ್ಲಿ ಬೇಕೆಂಬುದನ್ನು ಟಿಡಿಎಸ್ ಮಾಪಕದಿಂದ, ಎಂದರೆ ವಿದ್ಯುದ್ವಾಹಕತೆಯ ಆಧಾರದ ಮೇಲೆ ಕರಗಿದ ಒಟ್ಟು ಘನಪದಾರ್ಥವನ್ನು ಅಂದಾಜಿಸುವ ಸಾಧನದಿಂದ, ತಿಳಿಯಬಹುದು. ಒಳಬರುವ ನೀರಿನ ಮತ್ತು ಪೊರೆಯಿಂದ ಹೊರಬಂದ, ರಾಳಕ್ಕೆ ಇನ್ನೂ ತಲುಪದ ನೀರಿನ ಅಂಕಿಗಳನ್ನು ಹೋಲಿಸಿದರೆ ಪೊರೆಯ ತಡೆಪ್ರಮಾಣ ಸಿಗುತ್ತದೆ. 400 ಪಿಪಿಎಂ (ಲೀಟರಿಗೆ ಸುಮಾರು ಅಷ್ಟೇ ಮಿಲಿಗ್ರಾಂ) ಒಳಹೋಗಿ 8 ಹೊರಬಂದರೆ ಪೊರೆ ಶೇಕಡಾ 98ರಷ್ಟು ಲವಣವನ್ನು ತಡೆದಂತೆ. ಅದೇ ನೀರಿನಿಂದ 32 ಹೊರಬಂದರೆ ತಡೆ ಶೇಕಡಾ 92ಕ್ಕೆ ಇಳಿದಿದೆ, ಪೊರೆಯ ಆಯಸ್ಸು ಮುಗಿದಿದೆ ಎಂದರ್ಥ. ಪೊರೆ ಚೆನ್ನಾಗಿದ್ದೂ ರಾಳ ಬೇಗ ಬೇಗ ಮುಗಿಯುತ್ತಿದ್ದರೆ ದೋಷ ಬೇರೆಡೆ ಇರುತ್ತದೆ. ಇಳುವರಿ ಮಾತ್ರ ಕುಗ್ಗಿದ್ದರೆ ಮುಚ್ಚಿಹೋದ ಕೆಸರು ಶೋಧಕ, ಕಡಿಮೆ ಒತ್ತಡ ಅಥವಾ ಚಳಿಗಾಲದ ತಣ್ಣೀರು ಕಾರಣವಾಗಿರಬಹುದು, ಏಕೆಂದರೆ ನೀರಿನ ಉಷ್ಣತೆ 25 ಡಿಗ್ರಿಗಿಂತ ಕೆಳಗಿಳಿದಂತೆ ಪ್ರತಿ ಡಿಗ್ರಿಗೂ ಇಳುವರಿ ಸುಮಾರು ಶೇಕಡಾ 3ರಷ್ಟು ತಗ್ಗುತ್ತದೆ. ಇಂಥ ಸಂದರ್ಭಗಳಲ್ಲಿ ಕೆಲವೇ ಬಿಡಿಭಾಗ ಬದಲಿಸಿದರೆ ಸಾಕು. ಕವಚಗಳು ಬಿರುಕುಬಿಟ್ಟಾಗ, ಅಥವಾ ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಅಳತೆಯ ಪೊರೆ, ಶೋಧಕಗಳು ಹಿಡಿಸದ ಘಟಕವಾದಾಗ ಮಾತ್ರ ಪೂರ್ತಿ ಬದಲಿ ಸಮರ್ಥನೀಯ.

ಪೊರೆಯ ಆಯ್ಕೆಯಲ್ಲಿ ಖರ್ಚಿನ ಲೆಕ್ಕ ಅಡಗಿದೆ. ಪೊರೆಗಳನ್ನು ದಿನಕ್ಕೆ ಎಷ್ಟು ಅಮೆರಿಕನ್ ಗ್ಯಾಲನ್ ಕೊಡುತ್ತವೆ ಎಂಬ ಜಿಪಿಡಿ ಅಂಕಿಯಿಂದ ಗುರುತಿಸುತ್ತಾರೆ. 75 ಜಿಪಿಡಿ ಎಂದರೆ ದಿನಕ್ಕೆ ಸುಮಾರು 284 ಲೀಟರ್. ಮನೆಯ ತೊಟ್ಟಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ, ಆದರೂ ದೊಡ್ಡ ಅಂಕಿಯ ಪೊರೆಯೇ ಉತ್ತಮವೆಂದು ಕೊಳ್ಳುವವರು ಬಹಳ. ನಿಜವಾಗಿ ನೋಡಬೇಕಾದದ್ದು ತಡೆಪ್ರಮಾಣವನ್ನು. 500 ಪಿಪಿಎಂ ನೀರಿನಲ್ಲಿ ಶೇಕಡಾ 99 ತಡೆಯುವ ಪೊರೆ 5 ಪಿಪಿಎಂ ಬಿಟ್ಟರೆ ಶೇಕಡಾ 96 ತಡೆಯುವುದು 20 ಬಿಡುತ್ತದೆ. ಕಾಗದದ ಮೇಲೆ ಕೇವಲ 3 ಅಂಶದ ವ್ಯತ್ಯಾಸವಾದರೂ ಎರಡನೆಯದರ ಹಿಂದಿರುವ ರಾಳ ನಾಲ್ಕು ಪಟ್ಟು ಬೇಗ ಖಾಲಿಯಾಗುತ್ತದೆ. ರಾಳವನ್ನು ಮತ್ತೆ ಮತ್ತೆ ಕೊಳ್ಳಬೇಕಾಗುವುದರಿಂದ, ಪೊರೆಗೆ ಒಮ್ಮೆ ಹೆಚ್ಚು ಬೆಲೆ ಕೊಡುವುದೇ ಅಗ್ಗ. ಪೊರೆಯ ಜೊತೆಗೆ, ಅದು ತಡೆದ ಲವಣವನ್ನು ಹೊತ್ತು ಹೊರಹೋಗುವ ತ್ಯಾಜ್ಯ ನೀರಿನ ಕೊಳವೆಯಲ್ಲಿರುವ ಹರಿವು ನಿರ್ಬಂಧಕವೂ ಅದೇ ಸಾಮರ್ಥ್ಯದ್ದಾಗಿರಬೇಕು. ಪೊರೆಯ ಮೇಲೆ ಒತ್ತಡ ನಿಲ್ಲುವಂತೆ ತ್ಯಾಜ್ಯದ ಹರಿವನ್ನು ಮಿತಗೊಳಿಸುವ ಈ ಸಣ್ಣ ಭಾಗವನ್ನು ಹಳೆಯದನ್ನೇ ಉಳಿಸಿ 50ರ ಜಾಗಕ್ಕೆ 100 ಜಿಪಿಡಿ ಪೊರೆ ಹಾಕಿದರೆ ತ್ಯಾಜ್ಯದ ಪಾಲು ಕುಗ್ಗಿ ಪೊರೆಯ ಮೇಲೆ ಸುಣ್ಣದ ಪದರ ಕಟ್ಟುತ್ತದೆ.

ಪೊರೆಯ ಮೇಲೆ ಬರೆದ ಸಾಮರ್ಥ್ಯ ಸಾಮಾನ್ಯವಾಗಿ 50ರಿಂದ 65 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಒತ್ತಡಕ್ಕೆ ಸಂಬಂಧಿಸಿದ್ದು. ಪಾಶ್ಚಾತ್ಯ ನಗರಗಳ ನಲ್ಲಿಯಲ್ಲಿ ಈ ಒತ್ತಡ ಬಹಳ ಕಡೆ ತಾನಾಗಿಯೇ ಇರುವುದರಿಂದ ಅಲ್ಲಿನ ಹವ್ಯಾಸಿಗಳಿಗಾಗಿ ತಯಾರಾದ ಘಟಕಗಳಲ್ಲಿ ಪಂಪು ಇರುವುದಿಲ್ಲ. ಕರ್ನಾಟಕದ ಮನೆಗಳಲ್ಲಿ ನೀರು ಬರುವುದು ತಾರಸಿಯ ಟ್ಯಾಂಕಿನಿಂದ. 10 ಮೀಟರ್ ಎತ್ತರದ ನೀರಿನ ಕಂಬ ಕೊಡುವ ಒತ್ತಡ ಸುಮಾರು 14 ಪಿಎಸ್‌ಐ ಮಾತ್ರ, ಅದು ಪೊರೆಗೆ ಯಾವ ರೀತಿಯಲ್ಲೂ ಸಾಲದು, ಕಡಿಮೆ ಒತ್ತಡದಲ್ಲಿ ಇಳುವರಿಯೊಂದಿಗೆ ತಡೆಪ್ರಮಾಣವೂ ಬೀಳುತ್ತದೆ. ಆದ್ದರಿಂದ ಇಲ್ಲಿ ಒತ್ತಡ ಹೆಚ್ಚಿಸುವ ಬೂಸ್ಟರ್ ಪಂಪು ಐಚ್ಛಿಕವಲ್ಲ. ಪಂಪು ಒಳಗೊಂಡ, ಕುಡಿಯುವ ನೀರಿನ ಸಾಮಾನ್ಯ ಆರ್‌ಓ ಯಂತ್ರವನ್ನೇ ತೊಟ್ಟಿಗೆ ಬಳಸುವುದು ಮಿತವ್ಯಯದ ದಾರಿ. ಆದರೆ ಅಂಥ ಯಂತ್ರಗಳಲ್ಲಿ ರುಚಿಗಾಗಿ ಪೊರೆ ದಾಟದ ನೀರನ್ನು ಒಂದಿಷ್ಟು ಬೆರೆಸುವ ಟಿಡಿಎಸ್ ನಿಯಂತ್ರಕ ಮತ್ತು ಖನಿಜ ಸೇರಿಸುವ ಶೋಧಕ ಇರುತ್ತವೆ. ಮೊದಲನೆಯದನ್ನು ಪೂರ್ತಿ ಮುಚ್ಚಿ, ಎರಡನೆಯದನ್ನು ತೆಗೆದು, ಪೊರೆಯ ನಂತರ ರಾಳದ ಕೊಳವೆ ಜೋಡಿಸಿದರೆ ಅದೇ ಯಂತ್ರ ತೊಟ್ಟಿಯ ಕೆಲಸಕ್ಕೆ ಒದಗುತ್ತದೆ.

ಒಂದು ಲೀಟರ್ ಶುದ್ಧ ನೀರಿಗೆ ಮೂರು ನಾಲ್ಕು ಲೀಟರ್ ತ್ಯಾಜ್ಯ ಹರಿಯುವುದು ಈ ವ್ಯವಸ್ಥೆಯ ನಿಜವಾದ ನೋವು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕಾರು ತೊಳೆಯಲು, ತೋಟಕ್ಕೆ ಕುಡಿಯುವ ನೀರನ್ನು ಬಳಸಿದರೆ 5,000 ರೂಪಾಯಿ ದಂಡವೆಂದು ಪ್ರಕಟಿಸಿದಂಥ ಬೇಸಿಗೆಗಳಲ್ಲಿ ಇದನ್ನು ಕಡೆಗಣಿಸುವುದು ಯಾರಿಗೂ ಶೋಭಿಸದು. ತ್ಯಾಜ್ಯವನ್ನು ಒಂದಕ್ಕೊಂದರ ಪ್ರಮಾಣಕ್ಕೆ ಇಳಿಸುವ, ಎರಡು ಪೊರೆಗಳನ್ನು ಸಾಲಾಗಿ ಜೋಡಿಸಿದ ಘಟಕಗಳು ಸಿಗುತ್ತವೆ, ಆದರೆ ಅವು ಮೃದು ನೀರಿಗೆ ಮಾತ್ರ ಸೂಕ್ತ. ಒಳಬಂದ ನೀರಿನ ಅರ್ಧವನ್ನು ಶುದ್ಧವಾಗಿ ತೆಗೆದರೆ ಉಳಿದರ್ಧದಲ್ಲಿ ಲವಣ ಇಮ್ಮಡಿಯಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಅಷ್ಟು ಸಾಂದ್ರತೆ ಬಂದರೆ ಕ್ಯಾಲ್ಸಿಯಮ್ ಕಾರ್ಬೊನೇಟ್ ಪೊರೆಯ ಮೇಲೆ ಗಟ್ಟಿಯಾಗಿ ಕೂತು ಕೆಲವೇ ತಿಂಗಳಲ್ಲಿ ಅದನ್ನು ಕೊಲ್ಲಬಹುದು. ಕಾವೇರಿ ನೀರು, ಬೋರ್‌ವೆಲ್, ಟ್ಯಾಂಕರ್ ಮೂರನ್ನೂ ಋತುವಿಗೆ ತಕ್ಕಂತೆ ಬೆರೆಸುವ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ಬೇಸಿಗೆಯ ಕೆಟ್ಟ ನೀರನ್ನು. ಕ್ಯಾಲ್ಸಿಯಮ್, ಮೆಗ್ನೀಸಿಯಮ್‌ಗಳ ಬದಲು ಸೋಡಿಯಮ್ ಕೊಡುವ ಮೃದುಕಾರಕವನ್ನು ಮೊದಲೇ ಇಟ್ಟರೆ ಟಿಡಿಎಸ್ ತಗ್ಗದಿದ್ದರೂ ಸುಣ್ಣದ ಪದರ ಕಟ್ಟುವುದು ತಪ್ಪುತ್ತದೆ. ತ್ಯಾಜ್ಯವನ್ನು ನೆಲ ಒರೆಸಲು, ಶೌಚಾಲಯಕ್ಕೆ ಸುಲಭವಾಗಿ ಬಳಸಬಹುದು; ಮೂಲ ನೀರೇ ಬಹಳ ಉಪ್ಪಾಗಿದ್ದರೆ ಕುಂಡದ ಗಿಡಗಳಿಗೆ ಹಾಕಬಾರದು.

ಅಯಾನು ನಿವಾರಣೆಯ ರಾಳ ಎರಡು ಬಗೆಯ ಹರಳುಗಳ ಮಿಶ್ರಣ: ಒಂದು ಕ್ಯಾಲ್ಸಿಯಮ್, ತಾಮ್ರ, ಅಮೋನಿಯಮ್‌ನಂಥ ಧನ ಅಯಾನುಗಳನ್ನೂ ಇನ್ನೊಂದು ನೈಟ್ರೇಟ್, ಫಾಸ್ಫೇಟ್, ಫ್ಲೋರೈಡ್, ಸಿಲಿಕೇಟ್‌ನಂಥ ಋಣ ಅಯಾನುಗಳನ್ನೂ ಹಿಡಿಯುತ್ತದೆ. ಮುಗಿದಂತೆ ಬಣ್ಣ ಬದಲಿಸುವ, ಮರುತುಂಬಬಹುದಾದ, ನೆಟ್ಟಗೆ ನಿಲ್ಲುವ ಕೊಳವೆ ಮೇಲು. ಅಡ್ಡ ಮಲಗಿದ ಕೊಳವೆಯಲ್ಲಿ ರಾಳ ಕುಸಿದು ಮೇಲ್ಭಾಗದಲ್ಲಿ ಉಂಟಾಗುವ ಪೊಳ್ಳಿನ ಮೂಲಕ ನೀರು ರಾಳವನ್ನು ಮುಟ್ಟದೆ ಹರಿದುಹೋಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಅನಿಲವಾಗಿರುವುದರಿಂದ ಪೊರೆಯನ್ನು ಲೀಲಾಜಾಲವಾಗಿ ದಾಟಿ ಋಣ ಅಯಾನಿನ ರಾಳವನ್ನು ತಿಂದುಹಾಕುತ್ತದೆ. ಪೊರೆಯ ನೀರನ್ನು ತೆರೆದ ಡ್ರಮ್ಮಿನಲ್ಲಿ ತುಂಬಿ ಒಂದು ರಾತ್ರಿ ಗಾಳಿಗುಳ್ಳೆ ಹಾಯಿಸಿ ಅನಂತರ ರಾಳಕ್ಕೆ ಕಳಿಸುವುದು ಇದಕ್ಕೆ ಸರಳ ಪರಿಹಾರ. ಹಳೆಯ ಮೈಸೂರು ಸೀಮೆಯಂಥ ಗ್ರಾನೈಟ್, ನೈಸ್ ಶಿಲೆಗಳ ಪ್ರದೇಶದ ಅಂತರ್ಜಲದಲ್ಲಿ ಸಿಲಿಕಾ ಕರಗಿರುವುದು ಸಹಜ. ರಾಳ ಸೋಲತೊಡಗಿದಾಗ ಮೊದಲು ಜಾರುವುದೂ ಇದೇ, ಟಿಡಿಎಸ್ ಮಾಪಕ ಸರಿಯಾಗಿ ಕಾಣದಿರುವುದೂ ಇದನ್ನೇ. ಮಾಪಕ ಸೊನ್ನೆ ತೋರಿಸುತ್ತಿರುವಾಗಲೇ ಗಾಜು, ಮರಳುಗಳ ಮೇಲೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಕಂದು ಲೇಪ ಮತ್ತೆ ಮತ್ತೆ ಹರಡುತ್ತಿದ್ದರೆ ರಾಳವನ್ನು ಅನುಮಾನಿಸಬೇಕು. ಮೀನು ಮಾತ್ರ ಇರುವ ತೊಟ್ಟಿಗೆ ರಾಳವಿಲ್ಲದ ಪೊರೆಯ ನೀರು ಬಹುಮಟ್ಟಿಗೆ ಸಾಕಾಗುತ್ತದೆ, ಹವಳವಿದ್ದಲ್ಲಿ ಸಾಲದು.

ಸ್ವಯಂಚಾಲಿತ ಮರುಪೂರಣದ ವ್ಯಾಮೋಹದಿಂದ ಘಟಕವನ್ನು ನೇರವಾಗಿ ತೊಟ್ಟಿಗೆ ಜೋಡಿಸುವುದು ಎರಡು ಕಾರಣಕ್ಕೆ ತಪ್ಪು. ತೇಲುಗುಂಡು ಸಿಕ್ಕಿಕೊಂಡರೆ ಸಿಹಿನೀರು ತುಂಬಿ ಲವಣತೆ ಕುಸಿಯುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದು. ಎರಡನೆಯದು ಅಷ್ಟು ಪರಿಚಿತವಲ್ಲ: ಘಟಕ ನಿಂತಿರುವಾಗ ಪೊರೆಯ ಎರಡೂ ಬದಿಯ ಲವಣ ನಿಧಾನವಾಗಿ ಸಮವಾಗತೊಡಗುವುದರಿಂದ, ಮತ್ತೆ ಚಾಲೂ ಆದಾಗ ಬರುವ ಮೊದಲ ಕೆಲವು ನಿಮಿಷದ ನೀರಿನ ಟಿಡಿಎಸ್ ಮಾಮೂಲಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ. ದಿನಕ್ಕೆ ಹತ್ತಾರು ಸಲ ಸ್ವಲ್ಪ ಸ್ವಲ್ಪ ಓಡುವ ಘಟಕ ಈ ಕೆಟ್ಟ ನೀರನ್ನೇ ರಾಳಕ್ಕೆ ಉಣಿಸುತ್ತಿರುತ್ತದೆ. ಆದ್ದರಿಂದ ಹೊಸ ಘಟಕದಲ್ಲಿ ರಾಳಕ್ಕೆ ಮುಂಚೆ ನೀರನ್ನು ಹೊರಬಿಡುವ ಕವಾಟ ಇರಬೇಕು, ವಾರಕ್ಕೊಮ್ಮೆ ದೊಡ್ಡ ಡ್ರಮ್ ತುಂಬುವಷ್ಟು ಹೊತ್ತು ಒಟ್ಟಿಗೆ ಓಡಿಸಬೇಕು.

ಬೇರೆ ದಾರಿಗಳೂ ಇವೆ. ಬಟ್ಟಿ ಇಳಿಸಲು ಒಂದು ಲೀಟರಿಗೆ ಸುಮಾರು 0.7 ಯೂನಿಟ್ ವಿದ್ಯುತ್ ಬೇಕು, ತಾಮ್ರದ ಸುರುಳಿಯ ಯಂತ್ರವಾದರೆ ಲೋಹದ ಭಯ ಬೇರೆ. ಮಂಗಳೂರು, ಕಾರವಾರಗಳಂಥ ಕರಾವಳಿ ಊರುಗಳಲ್ಲಿ ಕಡಲ ನೀರನ್ನೇ ತರಬಹುದು. ಅಳಿವೆಗಳಿಂದ ದೂರ, ಮಳೆಗಾಲ ಬಿಟ್ಟು ತಂದರೆ ಅದು ಒಳ್ಳೆಯ ನೀರೇ, ಆದರೆ ಆರಿದ ನೀರಿನ ಜಾಗಕ್ಕೆ ಸಿಹಿನೀರು ಬೇಕಾಗುವುದು ಅದರಿಂದ ತಪ್ಪುವುದಿಲ್ಲ.

ಹೊಸ ಘಟಕ ಜೋಡಿಸಿದಾಗ ಇದ್ದಿಲಿನ ಪುಡಿ ಪೊರೆಗೆ ಸೇರದಂತೆ ಮೊದಲು ಶೋಧಕಗಳನ್ನಷ್ಟೇ ತೊಳೆದು, ಅನಂತರ ಪೊರೆ ಹಾಕಿ, ಅದನ್ನು ಕೆಡದಂತಿಡಲು ಬಳಸಿದ ರಾಸಾಯನಿಕ ಹೋಗುವವರೆಗೆ ತಯಾರಕರು ಹೇಳಿದಷ್ಟು ನೀರನ್ನು ಚೆಲ್ಲಿ, ಕೊನೆಗೆ ರಾಳ ಜೋಡಿಸಬೇಕು. ಶುದ್ಧ ನೀರು ಲೋಹವನ್ನು ಬೇಗ ಕರಗಿಸಿಕೊಳ್ಳುವುದರಿಂದ ಪೊರೆಯ ನಂತರದ ಹಾದಿಯಲ್ಲಿ ಹಿತ್ತಾಳೆಯ ನಲ್ಲಿ ಅಥವಾ ಜೋಡಣೆ ಒಂದೂ ಇರಕೂಡದು, ಸಂಗ್ರಹಕ್ಕೆ ಆಹಾರ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಮೊದಲ ದಿನವೇ ಒತ್ತಡವನ್ನೂ, ಒಳಬರುವ ನೀರು, ಪೊರೆಯ ನೀರು, ರಾಳದ ನೀರು ಈ ಮೂರರ ಟಿಡಿಎಸ್ ಅಂಕಿಗಳನ್ನೂ ತಾರೀಖಿನೊಂದಿಗೆ ಘಟಕದ ಮೇಲೆ ಅಂಟಿಸಿಟ್ಟರೆ, ಮುಂದೆ ಇಳುವರಿಯೋ ಗುಣವೋ ಕುಗ್ಗಿದಾಗ ಯಾವ ಹಂತದ ಭಾಗ ಕೊಳ್ಳಬೇಕೆಂಬುದನ್ನು ಆ ಅಂಕಿಗಳೊಂದಿಗೆ ಹೋಲಿಸಿ ನಿರ್ಧರಿಸಬಹುದು.