ಮೊದಲು ವಿಮಾನ, ಆಮೇಲೆ ರೇಡಿಯೋ

ರೇಡಿಯೋ ನಿಯಂತ್ರಿತ ಮಾದರಿ ವಿಮಾನ ಹಾರಿಸುವುದನ್ನು ಕಲಿಯಬೇಕೆಂದು ಬರುವವರಿಗೆ ನಾನು ರಿಮೋಟ್ ತೋರಿಸುವುದಕ್ಕೆ ಮೊದಲು ಈ ಹವ್ಯಾಸದ ಚರಿತ್ರೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಶಾಲಾ ಮಕ್ಕಳಿಗೂ ಎನ್‌ಸಿಸಿ ಏರ್ ವಿಂಗ್‌ನ ಕೆಡೆಟ್‌ಗಳಿಗೂ ಏರೋಮಾಡೆಲಿಂಗ್ ಕಲಿಸುತ್ತಲೇ ನನ್ನ ತಲೆಗೂದಲು ನರೆತಿದೆ. ಈ ವಿದ್ಯೆ ಯಾವ ಕ್ರಮದಲ್ಲಿ ಬೆಳೆದು ಬಂತೋ ಅದೇ ಕ್ರಮದಲ್ಲಿ ಕಲಿತವರು ಇದರಲ್ಲಿ ಉಳಿಯುತ್ತಾರೆ. ಕೊನೆಯ ಮೆಟ್ಟಿಲಲ್ಲೇ ಕಾಲಿಟ್ಟವರ ವಿಮಾನ ಬೇಗನೆ ಅಟ್ಟ ಸೇರುತ್ತದೆ. ಇದು ನಾನು ಕಣ್ಣಾರೆ ಕಂಡ ಸತ್ಯ.

ಮೊದಲ ಪಾಠ 1871ರದು. ಆ ವರ್ಷದ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಟ್ಯುಲರೀಸ್ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೋ ಎಂಬ ತರುಣ ತಾನು ಮಾಡಿದ ಪುಟ್ಟ ವಿಮಾನವನ್ನು ಹಾರಿಬಿಟ್ಟ. ಹುರಿಮಾಡಿದ ರಬ್ಬರ್ ಬಿಚ್ಚಿಕೊಳ್ಳುತ್ತ ಪ್ರೊಪೆಲ್ಲರ್ ತಿರುಗಿಸಿತು. ವಿಮಾನ 11 ಸೆಕೆಂಡಿನಲ್ಲಿ ಸುಮಾರು 40 ಮೀಟರ್ ಹಾರಿತು. ದೂರ ಕಡಿಮೆಯೇ, ಆದರೆ ಅದು ಹಾರಿದ ರೀತಿ ದೊಡ್ಡದು. ರೆಕ್ಕೆಯ ತುದಿಗಳನ್ನು ಪೆನೋ ಮೇಲಕ್ಕೆ ಬಾಗಿಸಿದ್ದ. ಬಾಲವನ್ನು ರೆಕ್ಕೆಗಿಂತ ತುಸು ತಗ್ಗಿದ ಕೋನದಲ್ಲಿ ಕೂಡಿಸಿದ್ದ. ಹೀಗಾಗಿ ವಿಮಾನ ವಾಲಿದರೂ ಮೂಗು ಎತ್ತಿದರೂ ತನ್ನಷ್ಟಕ್ಕೆ ತಾನೇ ನೇರವಾಗುತ್ತಿತ್ತು. ಯಾರ ಕೈಯೂ ತಾಗದೆ ನೆಟ್ಟಗೆ ಹಾರುವ ಈ ಗುಣವೇ ಮಾದರಿ ವಿಮಾನದ ಅಡಿಪಾಯ.

1930ರ ದಶಕದ ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಹೊಸ ಬಲ ಬಂತು. ಫಿಲಡೆಲ್ಫಿಯಾದ ಬಿಲ್ ಬ್ರೌನ್ ಅಂಗೈಯಲ್ಲಿ ಹಿಡಿಸುವ, ಸುಮಾರು 10 ಸಿಸಿಯ ಪೆಟ್ರೋಲ್ ಎಂಜಿನ್ ಮಾಡಿದ. ಅವನ ಗೆಳೆಯ ಮ್ಯಾಕ್ಸ್‌ವೆಲ್ ಬ್ಯಾಸೆಟ್ 1933ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಆ ಎಂಜಿನ್ ಬಳಸಿ ರಬ್ಬರ್ ವಿಮಾನಗಳನ್ನೆಲ್ಲ ಹಿಂದಿಕ್ಕಿದ. ಬಲದ ಜೊತೆಗೆ ಒಂದು ಸಂಕಟವೂ ಬಂತು. ತಿಂಗಳುಗಟ್ಟಲೆ ಕೂತು ಬಾಲ್ಸಾ ಕಡ್ಡಿ ಅಂಟಿಸಿ ಕಟ್ಟಿದ ವಿಮಾನ ಬಿಸಿಗಾಳಿಗೆ ಸಿಕ್ಕಿ ಮೇಲೇರಿ ಕಣ್ಮರೆಯಾಗುತ್ತಿತ್ತು. ಹುಡುಗರು ಹೊಲಗದ್ದೆಗಳ ಮೇಲೆ ಓಡಿದ್ದೇ ಓಡಿದ್ದು. ಹಾರಿಹೋದದ್ದು ಮರಳಿ ಬರಬೇಕೆಂಬ ಆಸೆಯೇ ವಿಮಾನದೊಳಕ್ಕೆ ರೇಡಿಯೋವನ್ನು ತಂದಿತು.

ಮಿಶಿಗನ್ ರಾಜ್ಯದ ಕಲಮಜೂ ಊರಿನ ಅವಳಿ ಸೋದರರು ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್. ವಾಲ್ಟರನಿಗೆ ವಿಮಾನ ಕಟ್ಟುವ ಹುಚ್ಚು, ವಿಲಿಯಂಗೆ ಹ್ಯಾಮ್ ರೇಡಿಯೋ ಹುಚ್ಚು. ಇಬ್ಬರೂ ಸೇರಿ ಎಂಟು ಅಡಿ ರೆಕ್ಕೆಯ 'ಗಫ್' ಎಂಬ ವಿಮಾನವನ್ನು 1937ರಲ್ಲಿ ರೇಡಿಯೋ ಹಿಡಿತದಲ್ಲಿ ಹಾರಿಸಿದರು. ಅದೇ ವರ್ಷ ಡೆಟ್ರಾಯಿಟ್‌ನಲ್ಲಿ ರಾಷ್ಟ್ರೀಯ ಮಟ್ಟದ ಮೊದಲ ರೇಡಿಯೋ ಸ್ಪರ್ಧೆ ನಡೆಯಿತು. ಚೆಸ್ಟರ್ ಲಾಂಝೋ ಗೆದ್ದ. ಮರುವರ್ಷ ಗೆಲುವು ಗಫ್‌ನದಾಯಿತು. ಆ ವಿಮಾನ ಈಗ ಸ್ಮಿತ್ಸೋನಿಯನ್ ಸಂಸ್ಥೆಯ ವೈಮಾನಿಕ ವಸ್ತುಸಂಗ್ರಹಾಲಯದ ಆಸ್ತಿ.

ಆ ಕಾಲದ ನಿಯಂತ್ರಣ ಎಂಥದ್ದೆಂದು ತಿಳಿದರೆ ಇಂದಿನ ಹುಡುಗರು ಬೆರಗಾಗುತ್ತಾರೆ. ಬಹುಪಾಲು ವಿಮಾನಗಳಲ್ಲಿದ್ದದ್ದು ಒಂದೇ ಚಾನೆಲ್. ನೆಲದ ಮೇಲೆ ಭಾರದ ಟ್ರಾನ್ಸ್‌ಮಿಟರ್, ಕೈಯಲ್ಲಿ ಒಂದೇ ಒಂದು ಗುಂಡಿ. ಗುಂಡಿ ಒತ್ತಿ ಹಿಡಿದರೆ ಬಾಲದ ರಡ್ಡರ್ ಪೂರ್ತಿ ಬಲಕ್ಕೆ, ಬಿಟ್ಟರೆ ನಡುವಿಗೆ, ಮತ್ತೆ ಒತ್ತಿದರೆ ಪೂರ್ತಿ ಎಡಕ್ಕೆ. ರಡ್ಡರನ್ನು ತಿರುಗಿಸಲು ಬೇಕಾದ ಶಕ್ತಿ ಬರುತ್ತಿದ್ದದ್ದು ವಿಮಾನದ ಹೊಟ್ಟೆಯೊಳಗೆ ಹುರಿಮಾಡಿಟ್ಟ ರಬ್ಬರಿನಿಂದ. ಎಸ್ಕೇಪ್‌ಮೆಂಟ್ ಎಂದು ಕರೆಯುವ ಆ ಯಂತ್ರ ಒಂದೊಂದು ಸಂಕೇತಕ್ಕೂ ರಬ್ಬರನ್ನು ಒಂದು ಹೆಜ್ಜೆ ಬಿಚ್ಚುತ್ತಿತ್ತು. ಸ್ವಲ್ಪವೇ ತಿರುಗಿಸುವ ಮಾತಿಲ್ಲ. ಮೇಲೆ ಕೆಳಗೆ ಮಾಡುವ ಎಲಿವೇಟರ್ ಇಲ್ಲ. ಎಂಜಿನ್ ಇಂಧನ ಮುಗಿದಾಗಲೇ ನಿಲ್ಲಬೇಕು.

ಆದರೂ ಆ ವಿಮಾನಗಳು ಹಾರಿ ಮರಳಿ ಬರುತ್ತಿದ್ದವು, ಏಕೆಂದರೆ ಅವು ರೇಡಿಯೋ ಇಲ್ಲದೆಯೂ ಹಾರಬಲ್ಲ ವಿಮಾನಗಳಾಗಿದ್ದವು. ರೆಕ್ಕೆಯ ಬಾಗು, ಬಾಲದ ಕೋನ, ತೂಕದ ಕೇಂದ್ರ ಇವೆಲ್ಲವನ್ನೂ ಮೊದಲೇ ಹದಕ್ಕೆ ತಂದಿರುತ್ತಿದ್ದರು. ರೇಡಿಯೋ ದಿಕ್ಕು ಸೂಚಿಸುತ್ತಿತ್ತು, ಅಷ್ಟೆ. ಹಾರುವ ಕೆಲಸ ವಿಮಾನದ್ದು.

1947ರಲ್ಲಿ ರೇ ಆರ್ಡನ್ ಗ್ಲೋ ಪ್ಲಗ್ ತಂದ ಮೇಲೆ, ಎಂಜಿನ್ನಿಗೆ ಕಿಡಿ ಕೊಡಲು ಹೊರಬೇಕಿದ್ದ ಕಾಯಿಲ್, ಬ್ಯಾಟರಿಗಳ ಭಾರ ಇಳಿಯಿತು. ಮೆಥನಾಲ್ ಮತ್ತು ಹರಳೆಣ್ಣೆ ಬೆರೆಸಿದ ಇಂಧನದಲ್ಲಿ ಎಂಜಿನ್ ಓಡತೊಡಗಿತು. ನಮ್ಮಲ್ಲಿ ನನ್ನ ತಲೆಮಾರಿನವರು ಕೈಪಳಗಿಸಿಕೊಂಡದ್ದು ಕಲ್ಕತ್ತದಲ್ಲಿ ತಯಾರಾಗುತ್ತಿದ್ದ ಅರೋರಾ ಡೀಸೆಲ್ ಎಂಜಿನ್ನಿನಲ್ಲಿ. ಅದರ ಇಂಧನ ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳ ಮಿಶ್ರಣ. ಎರಡು ತಂತಿ ಹಿಡಿದು ಸುತ್ತುತ್ತ ವಿಮಾನ ಹಾರಿಸುವ ಕಂಟ್ರೋಲ್ ಲೈನ್ ನಮಗೆ ಎಟುಕುತ್ತಿತ್ತು. ರೇಡಿಯೋ ಸೆಟ್ ಬೇಕೆಂದರೆ ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನ ದಾರಿ ಕಾಯಬೇಕಿತ್ತು. ಕಾಯುತ್ತಲೇ ನಾವು ಗ್ಲೈಡರ್ ಕಟ್ಟುವುದು, ತೂಕ ಹೊಂದಿಸುವುದು, ಮುರಿದ ರೆಕ್ಕೆ ಜೋಡಿಸುವುದು ಎಲ್ಲವನ್ನೂ ಕಲಿತೆವು.

1960ರ ದಶಕದಲ್ಲಿ ದೊಡ್ಡ ತಿರುವು ಬಂತು. ಟ್ರಾನ್ಸ್‌ಮಿಟರಿನ ಕಡ್ಡಿಯನ್ನು ಎಷ್ಟು ಸರಿಸಿದರೆ ಅಷ್ಟೇ ತಿರುಗುವ ಸರ್ವೊಗಳು, ಒಟ್ಟಿಗೆ ಹಲವು ಚಾನೆಲ್‌ಗಳು ಬಂದವು. ರಡ್ಡರ್, ಎಲಿವೇಟರ್, ವಿಮಾನವನ್ನು ವಾಲಿಸುವ ಏಲೆರಾನ್, ಎಂಜಿನ್ ವೇಗದ ಥ್ರಾಟಲ್ ಎಲ್ಲವೂ ಎರಡು ಹೆಬ್ಬೆರಳುಗಳ ಅಧೀನವಾದವು. ವಿಮಾನ ತಲೆಕೆಳಗಾಗಿಯೂ ಹಾರಿತು. ಆದರೆ ಅದುವರೆಗೆ ರೆಕ್ಕೆ ಹೊತ್ತಿದ್ದ ಸ್ಥಿರತೆಯ ಹೊಣೆ ಹಾರಿಸುವವನ ಬೆರಳಿಗೆ ಬಂತು. ಹೊಸಬರಿಗೆ ಹಾರಾಟ ಕಷ್ಟವಾದದ್ದು ಇಲ್ಲಿಂದಲೇ.

ಈ ಕಷ್ಟಕ್ಕೆ ಹವ್ಯಾಸಿಗಳು ಕಂಡುಕೊಂಡ ಉತ್ತರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬಡ್ಡಿ ಬಾಕ್ಸ್. ಗುರುವಿನ ಟ್ರಾನ್ಸ್‌ಮಿಟರಿಗೂ ಶಿಷ್ಯನದಕ್ಕೂ ಒಂದು ಕೇಬಲ್. ಗುರು ಸ್ವಿಚ್ ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ಶಿಷ್ಯನದು. ಕೈಬಿಟ್ಟ ಕ್ಷಣ ಗುರುವಿನದು. ಸೈಕಲ್ ಕಲಿಯುವ ಮಗುವಿನ ಹಿಂದೆ ಕ್ಯಾರಿಯರ್ ಹಿಡಿದು ಓಡುವ ಅಪ್ಪನ ಕೆಲಸವೇ ಇದು. ಇನ್ನೊಂದು ಉತ್ತರ ಬಾಯಿಪಾಠದ ಸೂತ್ರ. ವಿಮಾನ ನಿಮ್ಮತ್ತ ಮುಖಮಾಡಿ ಬರುವಾಗ ಎಡಬಲ ಅದಲುಬದಲಾಗಿ ಕಾಣುತ್ತದೆ. ಆಗ ಯೋಚಿಸುತ್ತ ನಿಲ್ಲದೆ, ಯಾವ ರೆಕ್ಕೆ ಕೆಳಗಿಳಿದಿದೆಯೋ ಆ ಕಡೆಗೇ ಕಡ್ಡಿ ತಳ್ಳಿ. ರೆಕ್ಕೆ ಮೇಲೇಳುತ್ತದೆ.

ಆ ದಿನಗಳ ಮತ್ತೊಂದು ಶಿಸ್ತು ಫ್ರೀಕ್ವೆನ್ಸಿ ಹಲಗೆ. ಇಬ್ಬರು ಒಂದೇ ಫ್ರೀಕ್ವೆನ್ಸಿಯಲ್ಲಿ ಸೆಟ್ ಹಚ್ಚಿದರೆ ವಿಮಾನ ನೆಲಕ್ಕೆ ಬೀಳುವುದು ಖಚಿತ. ಆದ್ದರಿಂದ ಮೈದಾನದ ಹಲಗೆಯಲ್ಲಿ ತನ್ನ ಫ್ರೀಕ್ವೆನ್ಸಿಯ ಕ್ಲಿಪ್ ಪಡೆಯದೆ ಯಾರೂ ಸ್ವಿಚ್ ಮುಟ್ಟುವಂತಿರಲಿಲ್ಲ. 2005ರ ನಂತರ 2.4 ಗಿಗಾಹರ್ಟ್ಸ್ ಸೆಟ್‌ಗಳು ಬಂದು ಈ ಭಯವನ್ನು ಕಳೆದವು. ಲಿಥಿಯಂ ಪಾಲಿಮರ್ ಬ್ಯಾಟರಿಯೂ ಬ್ರಷ್‌ಲೆಸ್ ಮೋಟಾರೂ ಎಣ್ಣೆಯ ಜಿಡ್ಡನ್ನು ಕಳೆದವು. ಈಗ ಗೈರೋ ಇರುವ ಪುಟ್ಟ ಚಿಪ್ ವಾಲಿದ ವಿಮಾನವನ್ನು ತಾನೇ ನೇರ ಮಾಡುತ್ತದೆ. ರೆಕ್ಕೆಯಿಂದ ಬೆರಳಿಗೆ ಬಂದಿದ್ದ ಹೊಣೆ ಈಗ ಚಿಪ್ಪಿನ ಪಾಲಾಗಿದೆ.

ಈ ಚರಿತ್ರೆಯಲ್ಲಿ ನಾನು ಕೈಮುಗಿಯುವ ಹೆಸರು ಮೇನಾರ್ಡ್ ಹಿಲ್. 2003ರ ಆಗಸ್ಟ್ 9ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಿಂದ ಅವರು ಹಾರಿಬಿಟ್ಟ, ಐದು ಕೆಜಿಯಷ್ಟೂ ಭಾರವಿಲ್ಲದ ಬಾಲ್ಸಾ ವಿಮಾನ ಅಟ್ಲಾಂಟಿಕ್ ದಾಟಿ 38 ಗಂಟೆಗೂ ಹೆಚ್ಚು ಹೊತ್ತು ಹಾರಿ ಆಗಸ್ಟ್ 11ರಂದು ಐರ್ಲೆಂಡಿನಲ್ಲಿ ಇಳಿಯಿತು. ಕ್ರಮಿಸಿದ ದೂರ ಸುಮಾರು 3,000 ಕಿಲೋಮೀಟರ್. ಆಗ ಹಿಲ್‌ಗೆ 77 ವರ್ಷ, ಕಣ್ಣು ಬಹುತೇಕ ಮಂಜಾಗಿತ್ತು. ಸಾಗರದ ಮೇಲೆ ದಾರಿ ತೋರಿದ್ದು ಜಿಪಿಎಸ್ ಮತ್ತು ಆಟೋಪೈಲಟ್. ಅಷ್ಟು ಕಡಿಮೆ ಇಂಧನದಲ್ಲಿ ಅಷ್ಟು ದೂರ ಹಾರುವ ವಿಮಾನವನ್ನು ಕಟ್ಟಿದ್ದು ಒಬ್ಬ ಹವ್ಯಾಸಿಯ ಜೀವಮಾನದ ಅಭ್ಯಾಸ.

ಆದ್ದರಿಂದ ಹೊಸದಾಗಿ ಶುರುಮಾಡುವವರಲ್ಲಿ, ಅವರ ತಂದೆತಾಯಂದಿರಲ್ಲಿ ನನ್ನ ಮನವಿ ಇಷ್ಟು. ಮೊದಲು ಥರ್ಮೋಕೋಲ್ ಅಥವಾ ಬಾಲ್ಸಾದ ಒಂದು ಗ್ಲೈಡರ್ ಮಾಡಿ. ರೆಕ್ಕೆಯ ಅಗಲದಲ್ಲಿ ಮುಂದಿನಿಂದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ತೂಕ ನಿಲ್ಲುವಂತೆ ಮೂಗಿಗೆ ಮಣ್ಣು ಮೆತ್ತಿ ಸರಿಪಡಿಸಿ. ಕೈಯಿಂದ ಎಸೆದಾಗ ಅದು ನೆಟ್ಟಗೆ ತೇಲುವವರೆಗೆ ಬಿಡಬೇಡಿ. ಆಮೇಲೆ ಮೇಲು ರೆಕ್ಕೆಯ ಟ್ರೇನರ್ ವಿಮಾನ ತಂದು, ತಿಳಿದವರೊಬ್ಬರ ಪಕ್ಕದಲ್ಲಿ ನಿಂತು, ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ ಹಾರಿಸಿ. ಬೆಂಗಳೂರಿನಂಥ ಊರಲ್ಲಿ ಜಕ್ಕೂರು, ಯಲಹಂಕ, ಎಚ್‌ಎಎಲ್ ನಿಲ್ದಾಣಗಳ ಸುತ್ತ ನಿರ್ಬಂಧವಿದೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಮೈದಾನ ಆರಿಸಬೇಡಿ. ಗೈರೋ ಬೇಕಾದರೆ ಇರಲಿ, ಆದರೆ ಅದನ್ನು ಆಫ್ ಮಾಡಿಯೂ ಹಾರಿಸುವುದನ್ನು ಕಲಿಯಿರಿ. ತಾನಾಗಿ ಹಾರಬಲ್ಲ ವಿಮಾನ ಕಟ್ಟಬಲ್ಲವರಿಗೆ ಯಾವ ಕಾಲದ ರೇಡಿಯೋ ಕೊಟ್ಟರೂ ಹಾರಿಸುತ್ತಾರೆ.